ಚಿಕ್ಕಜ್ಜಿ ಆಡಿದ ಮಾತು

ಪುಸ್ತಕದ ಕೊನೆಯ ಪುಟದಲ್ಲಿ, ಅಚ್ಚು ಹಾಕಿದವರಿಗೂ ರಟ್ಟು ಕಟ್ಟಿದವರಿಗೂ ನಡುವೆ, ಅವನಿಗೊಂದು ಸಾಲು ಸಿಕ್ಕಿತ್ತು: 'ಫೋಟೋಗಳಿಗೆ ನೆರವಾದ ತಮ್ಮನಿಗೂ ಋಣಿ.' ಅಷ್ಟೇ. ಇಡೀ ವಂಶದ ಹೆಸರುಗಳನ್ನು ಹುಡುಕಿ ತಂದವನಿಗೆ ಹೆಸರೇ ಇರಲಿಲ್ಲ.

ಮುಖಪುಟದಲ್ಲಿ ಅಣ್ಣನ ಹೆಸರು ಹೆಬ್ಬೆರಳಿನ ಗಾತ್ರದಲ್ಲಿ ಕುಳಿತಿತ್ತು. ಅಣ್ಣನೆಂದರೆ ದೊಡ್ಡಪ್ಪನ ಮಗ, ವಕೀಲ. ಸ್ಮಶಾನಗಳಲ್ಲಿ ಮಂಡಿಯೂರಿ ಕಲ್ಲುಗಳ ಪಾಚಿ ಕೆರೆದವನು, ದಾಖಲೆ ಕಚೇರಿಯ ದೂಳು ಕುಡಿದು ಕೆಮ್ಮಿದವನು, ಮುದುಕರ ಮನೆಗಳಲ್ಲಿ ತಣ್ಣಗಾದ ಚಹಾ ಹಿಡಿದು 'ಆಮೇಲೇನಾಯ್ತು?' ಎಂದು ಕೂತವನು ತಮ್ಮ. ಅದನ್ನೆಲ್ಲ 'ಒಂದ್ಸಲ ಓದಿ ಕೊಡ್ತೀನಿ ಕಣೋ' ಎಂದು ಇಸಿದುಕೊಂಡವನು ಅಣ್ಣ. ಓದಿದ್ದೇನೋ ನಿಜ. ಕೊಟ್ಟದ್ದು ಮಾತ್ರ ಅಚ್ಚಿಗೆ.

ಸದಾ ವಂಶದ ಬೇರು ಕೆದಕುತ್ತಾನೆಂದು ನೆಂಟರೆಲ್ಲ ಅವನನ್ನು 'ಬೇರು' ಎಂದೇ ಕರೆಯುತ್ತಿದ್ದರು. ಫೋನಿನಲ್ಲಿ ಅಣ್ಣನೂ ಅದನ್ನೇ ಹಿಡಿದುಕೊಂಡ.

"ಅಲ್ಲ ಅಣ್ಣಾ, ನನ್ನ ಹೆಸರು?"

"ಏ ಬೇರು, ಬೇರು ಎಲ್ಲಾದ್ರೂ ಹೊರಗೆ ಕಾಣ್ಬೇಕು ಅನ್ನುತ್ತೇನೋ? ಮಣ್ಣೊಳಗಿದ್ರೇನೇ ಚೆಂದ ಅದು!"

ಅಣ್ಣ ನಕ್ಕ. ಹಿಂದಿನಿಂದ ಅತ್ತಿಗೆಯೂ ನಕ್ಕಳು. ಸೇಡು ತೀರ್ಮಾನವಾದದ್ದು ಆ ಎರಡನೆಯ ನಗುವಿಗೆ.

ಕೊಲ್ಲುವ ಯೋಚನೆ ಬೇರುವಿಗೆ ಬರಲಿಲ್ಲ. ಕನ್ನಡಕದಂಗಡಿಯಲ್ಲಿ ದುಡಿಯುವವನದು ನಾಜೂಕು ಕೈ. ರಕ್ತ ಹರಿಸದೆ ರಕ್ತಸಂಬಂಧ ಹರಿದರೆ ಸಾಕಿತ್ತು. ಜನರ ಬಗ್ಗೆ ಅವನಿಗೆ ಅಂಗಡಿ ಕಲಿಸಿದ ಪಾಠವೊಂದಿತ್ತು: ಅಕ್ಷರ ಮಂಜಾದರೆ ಅವರು ತಮ್ಮ ಕಣ್ಣನ್ನು ಬೈದುಕೊಳ್ಳುತ್ತಾರೆಯೇ ಹೊರತು ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು ಅನುಮಾನಿಸುವುದಿಲ್ಲ.

ತಾತನ ಸಮಾಧಿಯ ಪಕ್ಕದಲ್ಲಿ ಮೊಳದುದ್ದದ ಕಲ್ಲೊಂದಿತ್ತು. ಯಾವುದೋ ಮಗುವಿನದು. ಬರಹವಿಲ್ಲ, ನೆನಪಿಟ್ಟವರೂ ಇಲ್ಲ. ದೊಡ್ಡಪ್ಪ ಹುಟ್ಟಿದ ವರ್ಷದ ಜನನ ದಾಖಲೆಯನ್ನು ಗೆದ್ದಲು ತಿಂದು ಮುಗಿಸಿತ್ತು. ಇವೆರಡೂ ನಿಜ. ಎರಡು ನಿಜಗಳ ನಡುವೆ ಒಂದು ಸುಳ್ಳನ್ನು ಕೂರಿಸಿದರೆ, ಬಸ್ಸಿನ ಸೀಟಿನಲ್ಲಿ ಇಬ್ಬರು ದೊಡ್ಡ ಮನುಷ್ಯರ ನಡುವೆ ಟಿಕೆಟ್ಟಿಲ್ಲದವನು ಕೂತ ಹಾಗೆ, ಯಾರೂ ಕೇಳುವುದಿಲ್ಲ. ಸುಳ್ಳು ಇದು: ನಿಜವಾದ ದೊಡ್ಡಪ್ಪ ಕೂಸಾಗಿದ್ದಾಗಲೇ ತೀರಿಕೊಂಡು ಆ ಕಲ್ಲಿನಡಿ ಮಲಗಿದ್ದಾನೆ, ಮಗ ಹೋದ ಸಂಕಟಕ್ಕೆ ಅಜ್ಜಿ, ಆಸ್ಪತ್ರೆಯಲ್ಲಿ ಯಾರೋ ಬಿಟ್ಟುಹೋದ ಮಗುವನ್ನು ತಂದು ಅದೇ ಹೆಸರಿಟ್ಟು ಸಾಕಿದಳು. ಅಂದರೆ ವಂಶದ ಚರಿತ್ರೆ ಬರೆದವನೇ ವಂಶದವನಲ್ಲ.

ಇದನ್ನು ಹೇಳಬೇಕಾದವಳು ಚಿಕ್ಕಜ್ಜಿ. ತಾತನ ತಂಗಿ, ಆ ತಲೆಮಾರಿನ ಕೊನೆಯವಳು. ಹೋದ ವರ್ಷ ಅವಳೂ ತೀರಿಕೊಂಡಿದ್ದರಿಂದ ಮಾತಿಗೆ ಇನ್ನಷ್ಟು ತೂಕ ಬಂದಿತ್ತು. ಸತ್ತವರನ್ನು ಮರುಪ್ರಶ್ನೆಗೆ ಕರೆಯಲು ವಕೀಲನಿಗೂ ಆಗುವುದಿಲ್ಲ.

ಅವಳು ದೂರದ ಊರಿನಲ್ಲಿ ವಿಧವೆ ಸೊಸೆಯ ಜೊತೆಗಿದ್ದಳು. ಬೇರು ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. "ಇರಿ, ಕೊಡ್ತೀನಿ," ಎಂದು ಸೊಸೆಯ ನೂಲಿನಂಥ ದನಿ. ತುಸು ಹೊತ್ತು ಬಿಟ್ಟು ಎರಡು ಕೆಮ್ಮು, ತುಟಿ ಚಪ್ಪರಿಸಿದ ಸದ್ದು, ಆಮೇಲೆ ಆ ಗೊಗ್ಗರು ದನಿ: "ಏನ್ ಮರೀ, ಈ ವಾರ ಯಾರನ್ನ ಅಗೆದೆ?" ಬರಲಾ ಎಂದು ಕೇಳಿದರೆ, "ಬೇಡ ಮರಿ, ಈ ಮುಖ ನೋಡಿ ಏನು ಮಾಡ್ತೀಯ? ದನಿ ಸಾಕು." ನೆಂಟರ ಪೈಕಿ ಊಟ ಆಯಿತೇ ಎಂದು ಅವನನ್ನು ಕೇಳುತ್ತಿದ್ದವಳು ಅವಳೊಬ್ಬಳೇ. ಅವಳು ಹೋದಾಗ ಜ್ವರ ಬಂದು ಮಲಗಿದ್ದ, ಮಣ್ಣಿಗೂ ಹೋಗಲಾಗಲಿಲ್ಲ. ಅವಳ ಬಾಯಲ್ಲಿ ಸುಳ್ಳಿಡಲು ಮನಸ್ಸು ಒಂದು ಗಳಿಗೆ ಅಳುಕಿತು. ಆದರೆ ಚಿಕ್ಕಜ್ಜಿ ಬದುಕಿದ್ದಿದ್ದರೆ ತನ್ನ ಕಡೆಗೇ ನಿಲ್ಲುತ್ತಿದ್ದಳು ಎಂದು ಅವನೇ ಅವಳ ಪರವಾಗಿ ಒಪ್ಪಿಕೊಂಡ.

ಅವನ ವಿದ್ಯೆ ಮನೆಯವರಿಗೆ ಗೊತ್ತಿರಲಿಲ್ಲ. ಮುದುಕರ ಮಾತಿನ ರೆಕಾರ್ಡು ಕೇಳಿ ಬರೆದುಕೊಳ್ಳುವಾಗ, ಒಂದೊಂದು ವಾಕ್ಯವನ್ನೂ ಅವರದೇ ದನಿಯಲ್ಲಿ ಗಟ್ಟಿಯಾಗಿ ಹೇಳಿಕೊಂಡು ಬರೆಯುವುದು ಅವನ ಪದ್ಧತಿ. ಹೀಗೆ ಅರ್ಧ ವಂಶ ಅವನ ಗಂಟಲಲ್ಲಿ ಬಾಡಿಗೆಗಿತ್ತು. ಚಿಕ್ಕಜ್ಜಿಯದಂತೂ ಸ್ವಂತ ಮನೆ.

ಮನೆಯ ಫೋನಿನಿಂದ ಅಂಗಡಿಯಿಂದ ತಂದ ಫೋನಿಗೆ ಕರೆ ಹಚ್ಚಿ, ತಂತಿಯ ಗುಂಯ್ ಸದ್ದಿನ ಸಮೇತ ಚಿಕ್ಕಜ್ಜಿಯ ದನಿಯ ಮಾತನ್ನು ರೆಕಾರ್ಡು ಮಾಡಿಕೊಂಡ. ಹಿಂದೆ ಕುಕ್ಕರ್ ಕೂಗಿಸಿದ. ಮುದುಕಿಯರು ಯಾವುದನ್ನೂ ನೇರ ಹೇಳುವುದಿಲ್ಲವಾದ್ದರಿಂದ ಮೊಣಕಾಲು ನೋವಿನಿಂದ ಶುರುಮಾಡಿ, ಯಾರದೋ ಮದುವೆಗೆ ಹೋಗಿ, ಅಲ್ಲಿಂದ ಆ ಸಣ್ಣ ಕಲ್ಲಿಗೆ ಬಂದ. ನಡುವೆ ತನ್ನ ಸ್ವಂತ ದನಿಯಲ್ಲಿ, "ಅಜ್ಜೀ, ಹಾಗೆಲ್ಲ ಅನ್ಬೇಡಿ!" ಎಂದು ಗದರಿದ. ಅದು ಅವನಿಗೇ ಎಷ್ಟು ಹಿಡಿಸಿತೆಂದರೆ ಇನ್ನೊಂದು ಸಲ ಗದರಿದ.

ಉಳಿದದ್ದು ಅದನ್ನು ಕೇಳಿಸುವ ದಾರಿ. ಅದನ್ನು ಅಣ್ಣನೇ ಒದಗಿಸಿದ.

"ಬೇರು, ಪುಸ್ತಕ ಬಿಡುಗಡೆಗೆ ಹಳಬರ ದನಿ ಏನಾದ್ರೂ ಇದ್ರೆ ತಾರೋ. ನೆಂಟ್ರೆಲ್ಲ ಬರ್ತಾರೆ, ಖುಷಿಪಡ್ತಾರೆ."

"ನೋಡ್ತೀನಣ್ಣ. ಎಲ್ಲೋ ಇರ್ಬೇಕು."

ಸಭೆಯ ದಿನ ಕುರ್ಚಿಗಳು ತುಂಬಿದ್ದವು. ಬೇರು ಮೊದಲು ಹಾಕಿದ್ದು ಫೋನಿನಲ್ಲಿ ರೆಕಾರ್ಡಾಗಿದ್ದ ಚಿಕ್ಕಜ್ಜಿಯ ಅಸಲಿ ಮಾತು: ತಾತ ಸೋರುವ ಛತ್ರಿಯನ್ನೇ ಹಿಡಿದು ಹೆಣ್ಣು ನೋಡಲು ಹೋದ ಕತೆ. ಎಲ್ಲರೂ ನಕ್ಕರು. ದೊಡ್ಡಮ್ಮ, ಅಣ್ಣನ ತಾಯಿ, "ಅವಳದೇ ದನಿ ಕಣ್ರೇ," ಎಂದು ಕಣ್ಣೊರೆಸಿಕೊಂಡಳು. ಅದರ ಬೆನ್ನಿಗೇ ನಕಲಿ ಶುರುವಾಯಿತು. ಮೊಣಕಾಲು, ಮದುವೆ, ಕಲ್ಲು, ಆಸ್ಪತ್ರೆಯಿಂದ ತಂದ ಮಗು. ಬೇಕೆಂದೇ ತಡಮಾಡಿ ಬೇರು ಅದನ್ನು ಆರಿಸಲು ಯಂತ್ರದ ಮೇಲೆ ಬಿದ್ದ.

"ಅಯ್ಯೋ, ಇದನ್ನ ಹಾಕ್ಬಾರ್ದಿತ್ತು... ಕ್ಷಮಿಸಣ್ಣಾ, ಇದಿತ್ತು ಅನ್ನೋದೇ ಮರೆತುಹೋಗಿತ್ತು."

ಅಣ್ಣ ತನ್ನದೇ ಪುಸ್ತಕವನ್ನು, ಬೇರೆ ಯಾರದೋ ಮನೆಯಿಂದ ತಪ್ಪಿ ತಂದದ್ದೆಂಬಂತೆ, ಮೇಜಿನ ಮೇಲಿಟ್ಟ. "ಚಿಕ್ಕಜ್ಜಿ ಸುಳ್ಳು ಹೇಳೋ ಹೆಂಗಸಲ್ಲ," ಎಂದು ಯಾರೋ ಪಿಸುಗುಟ್ಟಿದರು. ಬೇರು ತಲೆ ತಗ್ಗಿಸಿಕೊಂಡು ನಿಂತ. ನಗು ಕಾಣದಿರಲು ಅದೊಂದೇ ದಾರಿಯಿತ್ತು.

"ಇದು ಯಾವಾಗ ಮಾತಾಡಿದ್ದು?" ಹಿಂದಿನ ಸಾಲಿನಿಂದ ನೂಲಿನಂಥ ದನಿಯೊಂದು ಕೇಳಿತು. "ಹೋದ ವರ್ಷ, ಅವರು ಹೋಗೋಕೆ ಸ್ವಲ್ಪ ಮುಂಚೆ," ಎಂದ ಬೇರು, ತಲೆಯೆತ್ತದೆ. "ನಮ್ಮತ್ತೆಗೆ ಲಕ್ವಾ ಹೊಡೆದು ಮಾತು ಹೋಗಿದ್ದು ನೀವು ಫೋನ್ ಮಾಡೋಕೆ ಶುರುಮಾಡೋದಕ್ಕೂ ಮುಂಚೆ," ಎಂದಿತು ದನಿ. ಅವನು ಆಗ ನೋಡಿದ: ಎದ್ದು ನಿಂತಿದ್ದವಳು, ಅಷ್ಟು ವರ್ಷ 'ಇರಿ, ಕೊಡ್ತೀನಿ' ಎಂಬ ಎರಡೇ ಮಾತಾಗಿ ಅವನಿಗೆ ಗೊತ್ತಿದ್ದ ಸೊಸೆ. "ಬೇರೆ ಯಾರೂ ಅವರನ್ನ ಕೇಳ್ತಿರ್ಲಿಲ್ಲ. ನಿಮ್ಮ ಫೋನ್ ಬಂದ್ರೆ ಕಣ್ಣರಳಿಸೋರು. ಅದಕ್ಕೇ ಪಕ್ಕದಲ್ಲಿ ಕೂರಿಸ್ಕೊಂಡು, ಅವರ ಹಾಗೆ ನಾನೇ ಮಾತಾಡ್ತಿದ್ದೆ." ಸಭೆ ಅವಳ ಕಡೆ ತಿರುಗಿತು. ಅವಳು ಎರಡು ಸಲ ಕೆಮ್ಮಿದಳು, ತುಟಿ ಚಪ್ಪರಿಸಿದಳು. ಆಮೇಲೆ ಬೇರು ತನ್ನ ಸ್ವಂತದ್ದೆಂದುಕೊಂಡಿದ್ದ ಆ ಗೊಗ್ಗರು ದನಿ, ಯಂತ್ರದಿಂದಲ್ಲ, ಅವಳ ಬಾಯಿಂದ ಬಂತು: "ಏನ್ ಮರೀ, ಇದನ್ನ ನಿಂಗೆ ನಾನ್ಯಾವತ್ತು ಹೇಳ್ದೆ?"