ತೇಲುಮಾಪಕಕ್ಕೆ ಕಟ್ಟಿದ ಹಗ್ಗ

ಅಕ್ಟೋಬರ್ 14, ಬೆಳಗ್ಗೆ 9 ಗಂಟೆ 20 ನಿಮಿಷ. ಕಡಲ ಮುನ್ಸೂಚನಾ ಕಚೇರಿಗೆ ಮೀನುಗಾರನೊಬ್ಬ ಬಾಗಿಲನ್ನೂ ತಟ್ಟದೆ ನುಗ್ಗಿದ.

"ಮೂರು ಮೀಟರ್ ಅಲೆ ಬರುತ್ತೆ ಅಂದಿದ್ದು ನೀವೇನಾ?"

ಹನ್ನೊಂದು ದಿನದಿಂದ ರಜೆಯಿಲ್ಲದೆ ಮುನ್ಸೂಚನೆ ಬರೆಯುತ್ತಿದ್ದ ಅವಳಿಗೆ ಪರದೆಯಿಂದ ಕಣ್ಣು ಕೀಳುವುದೂ ಒಂದು ಕೆಲಸವೇ ಆಗಿತ್ತು. "ಹೌದು."

"ನಿಮ್ಮನ್ನ ನಂಬಿ ಮೂರು ದಿನದಿಂದ ನಲವತ್ತು ದೋಣಿ ದಡದಲ್ಲಿ ಕೂತಿವೆ. ಸಮುದ್ರ ನೋಡಿದ್ರೆ ತಟ್ಟೇಲಿಟ್ಟ ನೀರು. ಕಿಟಕಿ ತೆಗೆಯೋ ಅಭ್ಯಾಸ ಇಲ್ವಾ ಮೇಡಂ?"

"ನನ್ನ ಲೆಕ್ಕ ತಪ್ಪಾಯಿತು. ಯಾಕೆ ಅಂತ ಗೊತ್ತಾದ ಕೂಡಲೇ ಹೇಳ್ತೀನಿ."

ಜಗಳಕ್ಕೆ ಟೊಂಕ ಕಟ್ಟಿ ಬಂದ ದೋಣಿಯವನು ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಹೋದ.

ಐದನೇ ದಿನ ಅವಳೇ ಅವನನ್ನು ಕರೆಸಿದಳು. ಕಡಲಲ್ಲಿ ಅಲೆ ಅಳೆಯುವ ಹಳದಿ ತೇಲುಮಾಪಕವನ್ನು ರಿಪೇರಿಗೆ ತಂದಿದ್ದರು. ಯಾರೋ ಅದಕ್ಕೆ ದೋಣಿ ಕಟ್ಟಿದ್ದರು. ಎಳೆತಕ್ಕೆ ಒಳಗಿನ ಉಪಕರಣ ಕೆಟ್ಟು ಸುಳ್ಳು ಅಂಕಿ ಕಳಿಸಿತ್ತು.

ಮೇಜಿನ ಮೇಲೆ ತುಂಡು ಹಗ್ಗವಿತ್ತು. ಅವನು ಅದನ್ನೆತ್ತಿ ಗಂಟನ್ನು ತಿರುಗಿಸಿ ನೋಡಿದ.

"ಈ ಗಂಟು ನಂದು," ಎಂದ. "ಅದರ ನೆರಳಲ್ಲಿ ಮೀನು ಸೇರುತ್ತೆ ಅಂತ ಕಟ್ಟಿದ್ದೆ... ಅವತ್ತು ಬೈದಿದ್ದನ್ನೆಲ್ಲ ವಾಪಸ್ ತಗೋಬೇಕು."

"ತಗೊಳ್ಳಿ. ಹೊರೋಕೆ ನನಗೂ ಶಕ್ತಿಯಿಲ್ಲ."

ಇವನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವಲ್ಲ... ಎಂದುಕೊಂಡಳು ಅವಳು.

ಅಂದಿನಿಂದ ಪ್ರತಿ ಬೆಳಗ್ಗೆ 6 ಗಂಟೆ 10ಕ್ಕೆ ಕಡಲಿನಿಂದ ರೇಡಿಯೋದಲ್ಲಿ ಅವನ ದನಿ ಬರತೊಡಗಿತು.

"ನೀರು 28.6 ಡಿಗ್ರಿ. ನೀವು ಎಷ್ಟು ಗಂಟೆ ನಿದ್ದೆ ಮಾಡಿದ್ರಿ?"

"ನಾಲ್ಕು."

"ಅಂದಾಜಾ, ಅಳತೆಯಾ?"

ಆ ದಿನಗಳಲ್ಲಿ ಅವಳು ನಗುತ್ತಿದ್ದುದು ಅದೊಂದೇ ಹೊತ್ತಿನಲ್ಲಿ.

ಜನವರಿಯಲ್ಲಿ, ರಿಪೇರಿಯಾದ ತೇಲುಮಾಪಕ ಕಡಲಿಗೆ ಮರಳಿದ ಮೇಲೆ, ಅವಳು ಮತ್ತೆ ಎಚ್ಚರಿಕೆ ಬರೆದಳು: ಮರುದಿನ ಬೆಳಗ್ಗೆ ಹತ್ತರ ಹೊತ್ತಿಗೆ ಮೂರು ಮೀಟರ್ ದಾಟುವ ಅಲೆ. ಈ ಸಲ ನಂಬುವವರು ಯಾರು?

ಮರುದಿನ 6 ಗಂಟೆ 10ಕ್ಕೆ ರೇಡಿಯೋ ಸುಮ್ಮನಿತ್ತು. ಕರೆದರೂ ಉತ್ತರವಿಲ್ಲ. ಅವನೂ ನಂಬಲಿಲ್ಲವೇ? ಕಡಲಿಗೆ ಹೋಗಿಬಿಟ್ಟನೇ? ಅವಳು ಮತ್ತೆ ಮತ್ತೆ ಕರೆದಳು.

ಎಂಟೂವರೆಗೆ ಬಾಗಿಲು ತೆರೆಯಿತು. ಅವನು ನಿಂತಿದ್ದ; ಕೂಗಿ ಕೂಗಿ ದನಿ ಒಡೆದಿತ್ತು.

"ನಸುಕಿನಿಂದ ದಡದಲ್ಲಿ ನಿಂತು ಹಗ್ಗದ ಕಥೆ ಎಲ್ಲರಿಗೂ ಹೇಳ್ದೆ. ತಪ್ಪು ಮೇಡಂದಲ್ಲ, ನಂದು ಅಂತ. ಚಿಕ್ಕಪ್ಪ ಹೊಡೆಯೋದೊಂದು ಬಾಕಿ. ಆದ್ರೆ ಒಂದು ದೋಣಿಯೂ ಹೊರಟಿಲ್ಲ."

ಅವಳು ಕೈಲಿದ್ದ ರೇಡಿಯೋ ಕೆಳಗಿಟ್ಟಳು. "ನಿಮ್ಮ ದನಿ ಕೇಳದೆ ನನಗೆ ಆಗೋದಿಲ್ಲ."

"ಅಂದಾಜಾ?"

"ಅಳತೆ. ಎರಡು ಗಂಟೆ ಇಪ್ಪತ್ತು ನಿಮಿಷ."

ಅವನು ಪಕ್ಕದ ಕುರ್ಚಿ ಎಳೆದು ಕೂತ. "ನೀವು ಸ್ವಲ್ಪ ಕಣ್ಣು ಮುಚ್ಚಿ. ಪರದೆ ನಾನು ನೋಡ್ತೀನಿ."

"ಎದ್ದು ಹೋಗಲ್ಲ ತಾನೆ?"

"ಹೋಗಲ್ಲ."

ಅವಳು ಅವನ ಹೆಗಲಿಗೆ ತಲೆಯಿಟ್ಟಳು. ಹತ್ತು ಗಂಟೆಗೆ ತೇಲುಮಾಪಕದ ಅಂಕಿ ಪರದೆಗೆ ಬಂತು. ಅಲೆಯ ಎತ್ತರ, 3.4 ಮೀಟರ್.