ನಾನು ಮುಚ್ಚಿದ ಗುಂಡಿಗಳು

ಗೂಳಪ್ಪನವರು ಮೊದಲ ಸಲ ನಮ್ಮ ಮನೆಗೆ ಬಂದಾಗ ನನ್ನ ವೈನಿ, ಅಣ್ಣನ ಹೆಂಡತಿ ಕಾಶೆವ್ವ, ಅವರನ್ನು ಬಾಗಿಲಲ್ಲೇ ನಿಲ್ಲಿಸಿ ದವಾಖಾನೆಯ ದಾರಿ ಹೇಳಿಬಿಟ್ಟಿದ್ದಳು. ತಪ್ಪು ಅವಳದಲ್ಲ. ಕಂಬಳಿಯಲ್ಲಿ ಸುತ್ತಿದ ಏನನ್ನೋ ಎದೆಗೆ ಅವಚಿಕೊಂಡು, ಬೆವರು ಒರೆಸಿಕೊಳ್ಳಲೂ ಕೈ ಬಿಡುವಿಲ್ಲದೆ ಒಬ್ಬ ಗಂಡಸು ಬಂದು ನಿಂತರೆ, ಜ್ವರ ಬಂದ ಕೂಸು ಎಂದೇ ಯಾರಾದರೂ ತಿಳಿಯುತ್ತಾರೆ.

"ಕೂಸಲ್ರೀ ಅಕ್ಕಾರ," ಎಂದು ಅವರು ಕಂಬಳಿಯ ತುದಿ ಸರಿಸಿದರು. "ಗಿಟಾರ್ ಐತಿ."

ಹಿತ್ತಿಲ ಕಟ್ಟೆಯ ಮೇಲೆ ಗೊಂಬೆಗೆ ಬಣ್ಣ ಹಚ್ಚುತ್ತಿದ್ದ ನನಗೆ ನಗು ತಡೆಯಲಿಲ್ಲ. ಅದು ಹೊರಬಾಗಿಲವರೆಗೂ ಕೇಳಿಸಿತಂತೆ. ಆ ನಗುವಿಗೇ ತಾವು ಸೋತದ್ದು ಎಂದು ಅವರು ಆಮೇಲೆ ಒಮ್ಮೆ ಹೇಳಿದರು. ನಾನು ನಂಬಲಿಲ್ಲ, ಆದರೆ ಮರೆಯಲೂ ಇಲ್ಲ.

ಅದು ಅರವತ್ತೇಳನೆಯ ಇಸವಿ, ದೀಪಾವಳಿ ಕಳೆದು ನಾಲ್ಕು ದಿನ, ಭಾನುವಾರ. ನಾವಿದ್ದದ್ದು ದಾಂಡೇಲಿಯ ಕಾಗದದ ಮಿಲ್ಲಿನ ಹತ್ತಿರದ ಚಾಳಿನಲ್ಲಿ. ಮೂಲ ಗೋಕಾಕ. ಅಲ್ಲಿ ಅಪ್ಪ ಕಟ್ಟಿಗೆಯ ಗೊಂಬೆ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಅಣ್ಣ ಯಲ್ಲಪ್ಪ ಮಿಲ್ಲಿನಲ್ಲಿ ಬಿದಿರು ಕತ್ತರಿಸುವ ಕೆಲಸಕ್ಕೆ ಸೇರಿದ. ಮದುವೆಯಾದ ಐದೇ ತಿಂಗಳಿಗೆ ಗಂಡನನ್ನು ಕಳೆದುಕೊಂಡ ನಾನು ಅಣ್ಣನ ಹಿಂದೆಯೇ ಬಂದೆ. ಬಂದಾಗ ನನಗೆ ಇಪ್ಪತ್ತೆರಡು, ಆ ದೀಪಾವಳಿಗೆ ಇಪ್ಪತ್ತೊಂಬತ್ತು. ಏಳು ವರ್ಷ ಹಿತ್ತಿಲ ಕಟ್ಟೆಯ ಮೇಲೆ ಕೂತು ಗೊಂಬೆಗಳಿಗೆ ಕುಂಕುಮ ಇಟ್ಟಿದ್ದೆ, ಸೀರೆಗೆ ಅಂಚು ಬರೆದಿದ್ದೆ. ಅಣ್ಣ, ವೈನಿ ಇಬ್ಬರೂ ಒಳ್ಳೆಯವರೇ. ಆದರೂ ಪಾಳಿ ಬಿಟ್ಟು ಮಿಲ್ಲಿನ ಭೋಂಗಾ ಕೂಗಿದಾಗ ಇಡೀ ಚಾಳಿನ ಹೆಂಗಸರು ಯಾರದಾದರೂ ದಾರಿ ನೋಡುತ್ತಿದ್ದರು. ನನಗೆ ನೋಡಲು ಯಾರ ದಾರಿಯೂ ಇರಲಿಲ್ಲ.

ಗೂಳಪ್ಪನವರು ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ಪಾರ್ಸೆಲ್ ಕ್ಲಾರ್ಕು. ಖಾನಾಪುರದ ಕಡೆಯವರು, ನನಗಿಂತ ನಾಲ್ಕು ವರ್ಷ ದೊಡ್ಡವರು, ಮದುವೆಯಾಗಿರಲಿಲ್ಲ. ಅಲ್ಲಿಯ ರೈಲ್ವೆ ಕ್ಲಬ್ಬಿನಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಗಾರ್ಡ್ ಇವರಿಗೆ ಬೇಸ್ ಗಿಟಾರ್ ಬಾರಿಸುವುದನ್ನು ಕಲಿಸಿದ್ದನಂತೆ. ಆಸ್ಟ್ರೇಲಿಯಾಕ್ಕೆ ಹೊರಟಾಗ ವಾದ್ಯವನ್ನು ಇವರ ಕೈಗೆ ಕೊಟ್ಟು ಹಡಗು ಹತ್ತಿದ. ಬ್ಯಾಂಡಿನ ಉಳಿದವರೂ ಒಬ್ಬೊಬ್ಬರಾಗಿ ಊರು ಬಿಟ್ಟರು. ಬೇಸ್ ಎಂದರೆ ಹಾಡು ಬಾರಿಸುವ ವಾದ್ಯವಲ್ಲ, ಬೇರೆಯವರ ಹಾಡನ್ನು ಕೆಳಗಿನಿಂದ ಹೊರುವ ವಾದ್ಯ, ಒಬ್ಬನೇ ಕೂತು ಬಾರಿಸಿದರೆ ಅದು ಯಾರಿಗೋ ಕಾಯುತ್ತಿರುವ ಹಾಗೆ ಕೇಳಿಸುತ್ತದೆ ಎಂದು ಅವರು ವಿವರಿಸಿದರು. ಆ ಮಾತು ನನಗೆ ಕೂಡಲೇ ಅರ್ಥವಾಯಿತು.

ಎರಡು ಮಳೆಗಾಲ ಕಾಡಿನ ತಂಡಿಯಲ್ಲಿದ್ದು ಅದರ ಕಪ್ಪು ಬಣ್ಣ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿತ್ತು. ಈಗ ಮುಂಬಯಿಯ ಒಂದು ಹೋಟೆಲಿನ ಬ್ಯಾಂಡಿನಿಂದ ಕರೆ ಬಂದಿತ್ತು. ಒಂದು ತಿಂಗಳೊಳಗೆ ಬಂದು ಸೇರಬೇಕು, ವಾದ್ಯ ಕಣ್ಣಿಗೆ ಚೆನ್ನಾಗಿರಬೇಕು. ಅಳ್ನಾವರದ ಒಬ್ಬ ಗಾರ್ಡಿನ ಮನೆಯಲ್ಲಿ ನನ್ನ ಗೊಂಬೆಗಳನ್ನು ನೋಡಿ, ವಿಳಾಸ ಕೇಳಿಕೊಂಡು ಬಂದಿದ್ದರು.

ತಂತಿ, ಕುತ್ತಿಗೆ, ಲೋಹದ ಸಾಮಾನು ಎಲ್ಲ ಬಿಚ್ಚಿ ತಮ್ಮ ಕೋಣೆಯಲ್ಲೇ ಇಟ್ಟು ಬರಿಯ ಮೈ ತಂದಿದ್ದರು. ಸೊಂಟವಿದ್ದ ಒಂದು ದಪ್ಪ ಹಲಗೆ, ಅಷ್ಟೆ. ಒಳಗೆ ಪೊಳ್ಳಿಲ್ಲ, ಸೋರೆಬುರುಡೆಯಿಲ್ಲ, ಇದು ಹೇಗೆ ಸದ್ದು ಮಾಡುತ್ತದೆ ಎಂದು ಕೇಳಿದೆ. ಕರೆಂಟಿನಿಂದ ಎಂದರು. ನನ್ನನ್ನು ಆಡಿಸುತ್ತಿದ್ದಾರೆ ಎಂದುಕೊಂಡೆ.

"ಯಾವ ಬಣ್ಣ ಹಚ್ಚಲ್ರಿ?"

"ನನ್ನ ಮುಖ ನೋಡಿ ಯಾವುದು ಹೊಂದತೈತಿ ಅನಸ್ತೈತೋ, ಅದನ್ನ ಹಚ್ರಿ."

"ಮುಖ ನೋಡಿ ಹಚ್ಚೂದಾದ್ರ ಹಳೇ ಕಪ್ಪನ ಸಾಕಿತ್ತಲ್ರಿ."

ಅವರು ನಿಜವಾಗಿಯೂ ಕಪ್ಪಗಿದ್ದರು. ನಕ್ಕಾಗ ಹಲ್ಲು ಬೆಳ್ಳಗೆ ಕಾಣಿಸಿ, ನಾನು ಬೇಗ ಕಣ್ಣು ತಗ್ಗಿಸಬೇಕಾಯಿತು. ಕೊನೆಗೆ ಕೆಂಪು ಎಂದು ನಾನೇ ನಿರ್ಧರಿಸಿದೆ. ಹೊರಡುವಾಗ ಅವರು ಒಂದೇ ಮಾತು ಹೇಳಿ ಹೋದರು, ಮೈಯೆಲ್ಲ ನುಣುಪಾಗಬೇಕು, ಎಲ್ಲೂ ತಗ್ಗು ಕಾಣಬಾರದು.

ನಾನು ಅಪ್ಪನ ಮಗಳು. ಗಾಜಿನ ಚೂರಿನಿಂದ ಹಳೆಯ ಬಣ್ಣ ಕೆರೆದೆ. ಒಳಗೆ ಒಳ್ಳೆಯ ಮರವಿತ್ತು, ಆದರೆ ಮೈತುಂಬ ಗುಂಡಿಗಳು: ನಡುವೆ ಉದ್ದನೆಯದೊಂದು, ಪಕ್ಕದಲ್ಲಿ ಅಗಲವಾದದ್ದು, ಮೇಲೆ ಚೌಕದ್ದು, ಜೊತೆಗೆ ಸಣ್ಣ ತೂತುಗಳು. ವಾದ್ಯ ಕೊಟ್ಟುಹೋದ ಆ ಗಾರ್ಡ್ ಏನೇನೋ ಕೊರೆದು, ಮೊಳೆ ಹೊಡೆದು ಮರ ಹಾಳು ಮಾಡಿದ್ದಾನೆ ಎಂದು ಮರುಕವಾಯಿತು. ಗುಂಡಿ ಇರುವ ಗೊಂಬೆ ಕೈ ದಾಟಿದರೆ ಮಾಡಿದವನಿಗೆ ನಾಚಿಕೆ ಎಂದು ಅಪ್ಪ ಹೇಳುತ್ತಿದ್ದ. ಹುಣಸೆ ಬೀಜ ಅರೆದು ಅಂಟು ಕುದಿಸಿದೆ, ಕಟ್ಟಿಗೆಯ ಪುಡಿ ಕಲಸಿ ಒಂದೊಂದೇ ಗುಂಡಿಗೆ ಪದರು ಪದರಾಗಿ ಒತ್ತಿ ತುಂಬಿದೆ. ಒಂದು ಪದರು ಒಣಗಲು ಎರಡು ದಿನ. ಆಮೇಲೆ ಬಿಳಿ ಮಣ್ಣು ಬಳಿದು, ಪಾಲಿಶ್ ಪೇಪರಿನಿಂದ ತಿಕ್ಕಿ, ಮತ್ತೆ ಬಳಿದೆ. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಎಲ್ಲಿ ಮರ, ಎಲ್ಲಿ ಅಂಟು ಎಂದು ನನಗೇ ತಿಳಿಯದಂತೆ ಮಾಡಿದೆ. ಅಂಥ ಕೆಲಸ ನಾನು ಹಿಂದೆಂದೂ ಮಾಡಿರಲಿಲ್ಲ. ಯಾಕೆ ಎಂದು ನನಗೆ ಗೊತ್ತಿತ್ತು.

ಅವರು ಎರಡನೆಯ ಭಾನುವಾರ ಬಂದರು, ಮೂರನೆಯ ಭಾನುವಾರವೂ ಬಂದರು. ಲೋಂಡಾದಲ್ಲಿ ಒಮ್ಮೆ, ಅಳ್ನಾವರದಲ್ಲಿ ಒಮ್ಮೆ ಗಾಡಿ ಬದಲಿಸಿ ಅಷ್ಟು ದೂರ ಬಂದು, ಬಿಳಿ ಬಟ್ಟೆ ಹೊದಿಸಿದ ಹಲಗೆಯನ್ನು ನೋಡಿ ಹೋಗುತ್ತಿದ್ದರು. ಬಣ್ಣ, ವಾರ್ನಿಶ್ ಪೂರ್ತಿಯಾಗುವ ಮುಂಚೆ ಗಿರಾಕಿಗೆ ತೋರಿಸುವುದು ನಮ್ಮ ಪದ್ಧತಿಯಲ್ಲ, ದೃಷ್ಟಿ ತಾಗುತ್ತದೆ. ಬಟ್ಟೆಯ ಒಂದು ಮೂಲೆ ಎತ್ತಿ ತೋರಿಸಿ ಎಂದು ಅವರು ಗೋಗರೆಯುತ್ತಿದ್ದರು, ನಾನು ಆಗುವುದಿಲ್ಲ ಎನ್ನುತ್ತಿದ್ದೆ. ಹಾಗಾದರೆ ಚಹಾ ಆದರೂ ಕೊಡಿ ಎಂದು ಕಟ್ಟೆಯ ಆ ತುದಿಯಲ್ಲಿ ಕೂರುತ್ತಿದ್ದರು. ಈ ತುದಿಯಲ್ಲಿ ನಾನು. ನಡುವೆ ಬಟ್ಟೆ ಹೊದ್ದು ಮಲಗಿದ ಗಿಟಾರು. ಕ್ಯಾಸಲ್‌ರಾಕ್‌ನ ಮಂಜು, ಇರುಳಿಡೀ ಘಟ್ಟ ಏರುವ ಗೂಡ್ಸ್ ಗಾಡಿ, ಮಾತಾಡಲು ಯಾರೂ ಇಲ್ಲದೆ ಪಾರ್ಸೆಲ್ಲಿನ ಮೇಲಿನ ಹೆಸರುಗಳನ್ನು ಜೋರಾಗಿ ಓದುವುದು, ಎಲ್ಲ ಹೇಳಿದರು. ನಾನು ಹೆಚ್ಚು ಹೇಳಲಿಲ್ಲ. ಆದರೆ ಸೋಮವಾರದಿಂದ ಶನಿವಾರದವರೆಗೆ ಮನಸ್ಸಿನಲ್ಲಿ ಅವರೊಂದಿಗೆ ಎಷ್ಟು ಮಾತಾಡುತ್ತಿದ್ದೆನೆಂದರೆ, ಭಾನುವಾರ ಬಂದಾಗ ಎಲ್ಲ ಆಗಲೇ ಹೇಳಿ ಮುಗಿಸಿದ್ದೇನೆ ಅನ್ನಿಸುತ್ತಿತ್ತು.

ಕೆಲಸ ಮುಗಿದರೆ ಅವರು ಹೋಗುತ್ತಾರೆ. ಇದು ಪ್ರತಿ ಪದರು ಬಳಿಯುವಾಗಲೂ ನನಗೆ ಗೊತ್ತಿತ್ತು.

ನಾಲ್ಕನೆಯ ಭಾನುವಾರ ಬಟ್ಟೆ ತೆಗೆದೆ. ಕೆಂಪು ವಾರ್ನಿಶ್ಶಿನಲ್ಲಿ ಹಿತ್ತಿಲ ಪೇರಲ ಗಿಡದ ಎಲೆ ಎಲೆಯೂ ಕಾಣುತ್ತಿತ್ತು. ಅವರು ಕೂತಲ್ಲಿಂದ ಎದ್ದರು. ಅಂಗೈಯನ್ನು ಮೇಲಿನಿಂದ ಕೆಳಗೆ ಆಡಿಸಿದರು, ತಿರುವಿ ಹಾಕಿ ಬೆನ್ನು ನೋಡಿದರು, ಮತ್ತೆ ತಿರುವಿದರು. ಮುಖದ ನಗು ನಿಧಾನ ಇಳಿಯಿತು.

"ಬಾಯಾರ, ತೂತು ಎಲ್ಲಿ ಹೋದ್ವು?"

ಮುಚ್ಚಿದೆ ಎಂದೆ, ಹೆಮ್ಮೆಯಿಂದಲೇ. ಅವರು ಆ ದಿನ ತಂದಿದ್ದ ಚೀಲ ಬಿಚ್ಚಿ ಒಂದೊಂದೇ ಸಾಮಾನು ಹೊರಗಿಟ್ಟರು. ಇದು ಕುತ್ತಿಗೆ, ಮೇಲಿನ ಚೌಕ ಗುಂಡಿಯಲ್ಲಿ ಕೂರುವುದು. ಇದು ತಂತಿಯ ಸದ್ದು ಹಿಡಿಯುವ ಡಬ್ಬಿ, ನಡುವಿನ ಗುಂಡಿಯದು. ಕರೆಂಟಿನ ವೈರು, ಸದ್ದು ಏರಿಸುವ ಇಳಿಸುವ ಸ್ವಿಚ್ಚು, ಎಲ್ಲಕ್ಕೂ ಒಂದೊಂದು ಮನೆ. ನಾನು ಆ ಮನೆಗಳನ್ನೆಲ್ಲ ಕಲ್ಲಿನಂತೆ ಗಟ್ಟಿ ಮಾಡಿ ಮೇಲೆ ಬಣ್ಣ ಬಳಿದಿದ್ದೆ. ಬುಧವಾರದ ಗಾಡಿ ಹತ್ತಿದರೆ ಮಾತ್ರ ಗೂಳಪ್ಪನವರು ಹೋಟೆಲಿನವರ ದಿನಕ್ಕೆ ಸರಿಯಾಗಿ ಮುಂಬಯಿಯಲ್ಲಿರುತ್ತಿದ್ದರು. ತಪ್ಪಿದರೆ ಆ ಜಾಗಕ್ಕೆ ಬೇರೆಯವನು ಕಾದಿದ್ದ.

ಅವರು ಸಾಮಾನನ್ನೆಲ್ಲ ಮತ್ತೆ ಚೀಲಕ್ಕೆ ಹಾಕಿದರು. ಆಮೇಲೆ, ನನ್ನ ಕಡೆ ನೋಡದೆ ಕೇಳಿದರು.

"ಬೇಕಂತ ಮಾಡೀರೇನು? ನಾ ಹೋಗಬಾರದಂತ?"

ಮೈಯೆಲ್ಲ ಉರಿಯಿತು. ನನ್ನ ಜೀವಮಾನದ ಅತ್ಯುತ್ತಮ ಕೆಲಸವನ್ನು ಮೋಸ ಅಂದರಲ್ಲ ಎಂಬ ಸಿಟ್ಟು ಒಂದು. ಅದಕ್ಕಿಂತ ದೊಡ್ಡದು, ನನ್ನ ಮನಸ್ಸಿನಲ್ಲಿದ್ದದ್ದು ಅವರಿಗೆ ಗೊತ್ತಾಗಿದೆಯಲ್ಲ ಎಂಬ ನಾಚಿಕೆ.

"ನಮ್ಮಪ್ಪನ ಆಣಿ, ನನಗ ಗೊತ್ತಿರಲಿಲ್ರಿ," ಅಂದೆ. "ಗುಂಡಿ ಕಂಡ್ರ ಮುಚ್ಚೂದು ನಮ್ಮ ಕೆಲಸ. ಆದ್ರ ಗೊತ್ತಿದ್ದಿದ್ರ ಮುಚ್ಚತಿರಲಿಲ್ಲ ಅಂತ ಹೇಳಾಕ ನನಗ ಬಾಯಿ ಬರೂದಿಲ್ಲ."

ಹೇಳಿಯಾಯಿತು. ಒಳಗೆ ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಗೂಳಪ್ಪನವರು ತಲೆ ಎತ್ತಿ ನನ್ನನ್ನು ನೋಡಿದರು. ಏಳು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ನಾನು ಎದ್ದುಹೋಗಿ ಉಳಿ ತಂದೆ.

ನೀರು ಹಾಕಿ ನೆನೆಸಿದರೆ ಅಂಟು ಬಿಡುತ್ತದೆ, ಆದರೆ ಮರ ಉಬ್ಬಿ ಬಣ್ಣವೂ ಎದ್ದು ಬರುತ್ತದೆ. ಒಣಗಿದ್ದನ್ನು ಒಣಗಿದ ಹಾಗೆಯೇ ಕೆತ್ತಬೇಕು. ಅವರು ಸ್ಟೇಷನ್ನಿನ ಹತ್ತಿರ ಗುರುತಿನವರ ಮನೆಯಲ್ಲಿ ಉಳಿದುಕೊಂಡು ಸೋಮವಾರ ಬೆಳಿಗ್ಗೆಯೇ ಬಂದರು. ಲೋಹದ ಸಾಮಾನನ್ನು ಕೆಂಪು ಮೈಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದುಕೊಟ್ಟರು. ನಾನು ಅಂಚನ್ನು ಬ್ಲೇಡಿನಿಂದ ಕೊರೆದು, ಒಳಗೆ ಉಳಿ ಇಟ್ಟು, ಒಂದು ಸಲಕ್ಕೆ ಜೋಳದ ಕಾಳಿನಷ್ಟೇ ಎಬ್ಬಿಸಿದೆ. ಅವರು ಮೈಯನ್ನು ಅಲುಗದಂತೆ ಹಿಡಿದುಕೊಂಡಿದ್ದರು. ನಮ್ಮ ತಲೆಗಳು ಒಂದು ಗೇಣಿನ ದೂರದಲ್ಲಿದ್ದವು. ಅವರ ಉಸಿರಿಗೆ ಪುಡಿ ಹಾರಿ ನನ್ನ ಕೈಮೇಲೆ ಕೂರುತ್ತಿತ್ತು. ಎರಡು ದಿನ ನಾವು ಹತ್ತು ಮಾತು ಆಡಿದ್ದರೆ ಹೆಚ್ಚು. ನಾನು ಅಷ್ಟು ಸುಖವಾಗಿದ್ದದ್ದು ಮೊದಲೂ ಇಲ್ಲ, ಆಮೇಲೂ ಇಲ್ಲ.

ಮಂಗಳವಾರ ಮಧ್ಯಾಹ್ನ, ಕುತ್ತಿಗೆಯ ಗುಂಡಿಯೊಂದೇ ಉಳಿದಿದ್ದಾಗ, ಅವರು ಉಳಿಯ ಮೇಲೆ ಕೈ ಇಟ್ಟರು.

"ಸಾಕು ಬಿಡ್ರಿ ಶಿವಗಂಗವ್ವ. ಇದೊಂದು ಹಿಂಗ ಇರಲಿ. ಗಾಡಿ ತಪ್ಪಿತು ಅಂತ ಕಾಗದ ಬರದು ಹಾಕ್ತೇನಿ."

ಮೊದಲ ಸಲ ಅವರು ನನ್ನ ಹೆಸರು ಹಿಡಿದು ಕರೆದಿದ್ದರು. ಹೂಂ ಅಂದರೆ ಸಾಕಿತ್ತು. ನಾಳೆಯಿಂದ ಭೋಂಗಾ ಕೂಗಿದಾಗ ನನಗೂ ನೋಡಲು ಒಂದು ದಾರಿ ಇರುತ್ತಿತ್ತು. ಅಣ್ಣ ಬೇಡ ಅನ್ನುತ್ತಿರಲಿಲ್ಲ, ವೈನಿಯಂತೂ ಭಾನುವಾರದಿಂದ ಅವರ ಊಟಕ್ಕೆ ತುಪ್ಪ ಹಾಕಲು ಶುರುಮಾಡಿದ್ದಳು. ಆದರೆ ನನ್ನ ಗಂಡ ಯಾವುದೋ ಜಾತಕ ಹೊಂದಿತು ಎಂದು ನನ್ನನ್ನು ಕಟ್ಟಿಕೊಂಡಿದ್ದ. ಇವರು ಒಂದು ಗುಂಡಿ ಮುಚ್ಚಿಹೋಗಿತ್ತು ಎಂದು ಕಟ್ಟಿಕೊಳ್ಳುವುದು ನನಗೆ ಬೇಕಿರಲಿಲ್ಲ. ಹತ್ತು ವರ್ಷದ ನಂತರ, ಕ್ಯಾಸಲ್‌ರಾಕ್‌ನ ಮಂಜಿನಲ್ಲಿ ಸುಮ್ಮನೆ ಕೂತು ಅವರು ಮುಂಬಯಿಯನ್ನು ನೆನೆಯುವಾಗ, ಎದುರಿಗೆ ನಾನಿರಬೇಕಾಗುತ್ತಿತ್ತು.

"ಇರೂದಿದ್ರ ಇದು ನೆಟ್ಟಗಾದ ಮ್ಯಾಲೆ ಇರ್ರಿ," ಅಂದೆ. "ನನ್ನ ತಪ್ಪಿನಿಂದ ಇರಬ್ಯಾಡ್ರಿ."

ಅವರು ಕೈ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ನಾನೇ ಆ ಕೈ ಸರಿಸಿ ಕೆತ್ತಿದೆ. ಕಣ್ಣಲ್ಲಿ ನೀರಿದ್ದುದರಿಂದ ಒಂದು ಕಡೆ ಬಣ್ಣ ಚಕ್ಕೆ ಎದ್ದಿತು. ಅದನ್ನು ಸರಿಮಾಡಲು ಅವರು ಬಿಡಲಿಲ್ಲ.

ಅವರು ಹೋದರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಆಸೆ ಇಟ್ಟುಕೊಂಡು ಓದುತ್ತೀರಿ. ಬುಧವಾರ ಹತ್ತರ ಗಾಡಿಗೆ ಹೋದರು. ನೆಟ್ಟಗಾದ ವಾದ್ಯ ಹಿಡಿದು ಅದನ್ನು ಬಾರಿಸದೆ ಇರಲು ಅವರಿಂದ ಆಗುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು, ಅದಕ್ಕೇ ಅವರು ನನಗೆ ಇಷ್ಟವಾಗಿದ್ದರು. ಮೂರು ಕಾಗದ ಬಂದವು, ಮೂರಕ್ಕೂ ಉತ್ತರ ಬರೆದೆ. ಆಮೇಲೆ ಏನಾಯಿತು ಎಂದು ಕೇಳಬೇಡಿ. ಆಮೇಲೆ ಏನೂ ಆಗಲಿಲ್ಲ.

ಹೋಗುವ ದಿನ ಬೆಳಿಗ್ಗೆ ಎಂಟಕ್ಕೇ ಬಂದು ಹಿತ್ತಿಲ ಕಟ್ಟೆಯ ಮೇಲೆ ಎಲ್ಲವನ್ನೂ ಜೋಡಿಸಿದರು. ಕುತ್ತಿಗೆ ಕೂತಿತು, ಡಬ್ಬಿ ಕೂತಿತು, ನಾಲ್ಕು ದಪ್ಪ ತಂತಿ ಬಿಗಿದರು. ನಮ್ಮ ಚಾಳಿಗೆ ಆಗಿನ್ನೂ ಕರೆಂಟ್ ಇರಲಿಲ್ಲ. ಬಾರಿಸಿದರೆ ನೊಣ ಹಾರಿದಷ್ಟೇ ಸದ್ದು. ಇಷ್ಟಕ್ಕಾಗಿ ಇಷ್ಟು ದಿನ ಒದ್ದಾಡಿದೆವೇ ಎಂಬಂತೆ ವೈನಿ ನನ್ನ ಮುಖ ನೋಡಿ ಒಳಗೆ ಹೋದಳು.

ಮರಕ್ಕೆ ಕಿವಿ ಹಚ್ಚಿದರೆ ಕೇಳಿಸುತ್ತದೆ ಎಂದರು ಗೂಳಪ್ಪನವರು. ಅವರ ತೊಡೆಯ ಮೇಲಿದ್ದ ಗಿಟಾರಿಗೆ ನಾನು ಬಗ್ಗಿ ಕಿವಿ ಹಚ್ಚಿದೆ. ವಾರ್ನಿಶ್ಶಿನ ವಾಸನೆ ಇನ್ನೂ ಇತ್ತು. ಅವರು ಒಂದು ತಂತಿ ಮೀಟಿದರು.

ಅದು ಕಿವಿಯಿಂದ ಬರಲಿಲ್ಲ. ಕೆನ್ನೆಯ ಎಲುಬಿನಿಂದ ಬಂದು, ಹಲ್ಲಿಗೆ ಇಳಿದು, ಎದೆಯೊಳಗೆ ಎಲ್ಲೋ ಹೋಗಿ ನಿಂತಿತು. ಅಲ್ಲಿಂದ ಯಾರೋ ನನ್ನನ್ನು ಮೆಲ್ಲಗೆ ಹೆಸರು ಹಿಡಿದು ಕರೆದ ಹಾಗಾಯಿತು.

"ಕೇಳಿಸ್ತೇನ್ರಿ?"

"ಇಲ್ರಿ," ಅಂದೆ.

ಅವರು ಮತ್ತೆ ಮೀಟಿದರು. ಮತ್ತೆ ಕೇಳಿದರು. ಮತ್ತೆ ಇಲ್ಲ ಎಂದೆ. ನಾನು ಯಾಕೆ ಇಲ್ಲ ಎನ್ನುತ್ತಿದ್ದೇನೆ ಎಂದು ಮೂರನೆಯ ಸಲಕ್ಕೆ ಅವರಿಗೆ ತಿಳಿಯಿತು. ನಿಧಾನವಾಗಿ ಒಂದು ಇಡೀ ಹಾಡಿನ ಕೆಳಗಿನ ಭಾಗವನ್ನು ಬಾರಿಸತೊಡಗಿದರು. ನಾನು ಕಣ್ಣು ಮುಚ್ಚಿಕೊಂಡೆ. ಸ್ಟೇಷನ್ನಿನ ಕಡೆಯಿಂದ ಎಂಜಿನ್ನು ಸೀಟಿ ಹಾಕಿತು, ಗಾಡಿಗೆ ಹೊತ್ತಾಯಿತು ಎಂದು ವೈನಿ ಒಳಗಿಂದಲೇ ಹೇಳಿದಳು.

ಅವರ ಬೆರಳು ನಿಂತಿತು. ಮರದೊಳಗಿನ ಸದ್ದು ಮಾತ್ರ ಇನ್ನೂ ಸ್ವಲ್ಪ ಹೊತ್ತು ಇತ್ತು.

"ಈಗರ ಕೇಳಿಸ್ತೇನ್ರಿ?"

"ಇನ್ನಾ ಇಲ್ರಿ," ಅಂದೆ.