ಕಾಣದ ಮಾಂತ್ರಿಕನಿಗೆ ರಾಜಾಜ್ಞೆ

ಮೋಡಗಳು ಕೆರೆಗಿಳಿದು ನೀರು ಕುಡಿದು ಹೋಗುತ್ತಿದ್ದ ಕಾಲದಲ್ಲಿ ಪಚ್ಚೆದುರ್ಗವೆಂಬ ರಾಜ್ಯವಿತ್ತು. ಅಲ್ಲಿ ದೇಮವ್ವ ಎಂಬ ಹೆಣ್ಣು ನೂಲಿಗೆ ಬಣ್ಣ ಹಾಕಿ ಬದುಕುತ್ತಿದ್ದಳು. ಒಬ್ಬಳೇ ಇದ್ದಳು, ಸುಖವಾಗಿಯೇ ಇದ್ದಳು.

ಒಂದು ದಿನ ವಿಕಟಾಕ್ಷನೆಂಬ ಮಾಂತ್ರಿಕ ಬಂದು "ನನ್ನನ್ನು ಮದುವೆಯಾಗು" ಅಂದ. ಅವಳು "ಒಲ್ಲೆ" ಅಂದಳು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅವನು ಕಾಗೆಯಾಗಿ ಕಿಟಕಿಯಲ್ಲಿ ಕೂತ. ಬೆಕ್ಕಾಗಿ ಒಲೆಯ ಮಗ್ಗುಲಲ್ಲಿ ಮಲಗಿದ. ಬಾವಿಗೆ ಹೋದರೆ ನೀರೊಳಗಿಂದ ಅವನ ಮುಖವೇ ನೋಡುತ್ತಿತ್ತು. ದೇಮವ್ವ ಅರಮನೆಗೆ ಹೋಗಿ ದೂರು ಕೊಟ್ಟಳು. ರಾಜ ಕೂಡಲೇ ಓಲೆ ಬರೆಸಿದ: "ವಿಕಟಾಕ್ಷ, ದೇಮವ್ವ ಇರುವಲ್ಲಿ ನೀನು ಸುಳಿಯಕೂಡದು."

ಆ ರಾಜ್ಯದ ಆಜ್ಞೆಗೆ ಒಂದು ಗುಣವಿತ್ತು. ಆಸಾಮಿಯ ಎದುರು ನಿಂತು ಓದಿದರೆ ಅಕ್ಷರಗಳು ಓಲೆಯಿಂದಿಳಿದು ಅವನ ಪಾದಕ್ಕೆ ಅಂಟುತ್ತಿದ್ದವು. ಆಮೇಲೆ ಬೇಡವೆಂದ ಕಡೆಗೆ ಅವನ ಕಾಲೇ ಏಳುತ್ತಿರಲಿಲ್ಲ. ಬೇರೆ ಯಾರ ಎದುರಾದರೂ ಓದಿದರೆ ಅಕ್ಷರ ಮಾಸುತ್ತಿತ್ತು. ಮೂರು ಸಲ ತಪ್ಪಿದರೆ ಓಲೆ ಬರೀ ಒಣಗರಿ. ಒಬ್ಬನ ಹೆಸರಿಗೆ ಎರಡನೆಯ ಓಲೆ ಬರೆಯುವಂತೆಯೂ ಇರಲಿಲ್ಲ.

ಓಲೆಕಾರ ಬೊಮ್ಮಣ ಆ ಓಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ. ಅಷ್ಟರಲ್ಲಿ ವಿಕಟಾಕ್ಷ ಯಾರ ಕಣ್ಣಿಗೂ ಬೀಳದ ಹಾಗೆ ಮಾಯವಾಗಿದ್ದ. ದೂರು ಕೊಟ್ಟ ಹೆಣ್ಣನ್ನು ಮತ್ತೆ ಮಾತಾಡಿಸಬಾರದು, ನೊಂದ ಜೀವ, ಅದರ ಪಾಡಿಗೆ ಇರಲಿ ಎಂಬುದು ಅಲ್ಲಿನ ಪದ್ಧತಿ. ಒಳ್ಳೆಯ ಮನಸ್ಸಿನವರು ಮಾಡಿದ ಪದ್ಧತಿಯೇ, ಇಲ್ಲವೆನ್ನಲಾರೆ. ಹಾಗಾಗಿ ಬೊಮ್ಮಣ ದೇಮವ್ವನೊಬ್ಬಳನ್ನು ಬಿಟ್ಟು ಊರವರನ್ನೆಲ್ಲ ಕೇಳಿದ.

"ಕಾಡಿನ ಗವಿಯಲ್ಲಿ ಹುಲಿಯಾಗಿದ್ದಾನೆ" ಅಂದರು ಬೇಟೆಗಾರರು. ಬೊಮ್ಮಣ ಗವಿಯ ಬಾಯಲ್ಲಿ ನಿಂತು ಓಲೆ ಓದಿದ. ಹುಲಿ ಬರೀ ಹುಲಿಯಾಗಿತ್ತು. ಅವನು ಮರ ಹತ್ತಿ ಜೀವ ಉಳಿಸಿಕೊಂಡ. ಅಕ್ಷರ ಮಾಸಿತು.

"ಮಡುವಿನಲ್ಲಿ ಮೊಸಳೆಯಾಗಿದ್ದಾನೆ" ಅಂದರು ಬೆಸ್ತರು. ಬೊಮ್ಮಣ ಎದೆಮಟ್ಟ ನೀರಿಗಿಳಿದು ಓದಿದ. ಮೊಸಳೆ ಆಕಳಿಸಿ ಮುಳುಗಿತು. ಅಕ್ಷರ ಇನ್ನಷ್ಟು ಮಾಸಿತು.

ಇನ್ನುಳಿದದ್ದು ಒಂದೇ ಓದು. ಅದೂ ತಪ್ಪಿದರೆ ಆ ಹೆಣ್ಣಿನ ಗತಿಯೇನು ಎಂದು ಅವನಿಗೆ ಅನ್ನ ಸೇರಲಿಲ್ಲ. ಪದ್ಧತಿ ಹಾಳಾಗಲಿ, ತಪ್ಪಾಯಿತೆಂದಾದರೂ ಹೇಳಿ ಬರೋಣ ಎಂದು ಅವಳ ಮನೆಗೆ ನಡೆದ.

ಬಾಗಿಲು ತೆರೆದೇ ಇತ್ತು. ದೇಮವ್ವ ಹಿಂದಿನ ಗೋಡೆಗೆ ಒರಗಿ ಕೂತಿದ್ದಳು. ಬಣ್ಣದ ಬಾನಿಗಳು ಒಣಗಿ ಬಿರುಕು ಬಿಟ್ಟಿದ್ದವು.

"ತಾಯಿ, ತಪ್ಪಾಯ್ತು. ಎಲ್ಲಾ ಕಡೆ ಹುಡುಕಿದೆ. ಅವನು ಸಿಗಲಿಲ್ಲ."

"ಯಾರನ್ನ ಕೇಳಿದ್ರಿ, ಅಣ್ಣಾ?"

"ಎಲ್ಲಾರನ್ನೂ ಕೇಳಿದೆ."

"ನನ್ನ ಕೇಳಿದ್ರಾ?"

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಬೊಮ್ಮಣನ ಕತೆ. ಮಾತಾಡಲು ಒಳಗೆ ಬರಹೋದ. "ನಿಲ್ಲಿ! ದಾಟಬೇಡಿ!" ಎಂದು ಅವಳು ಚೀರಿದಳು.

ಅವನು ಕೆಳಗೆ ನೋಡಿದ. ಆ ಊರಿನ ಪ್ರತಿ ಮನೆಯ ಹೊಸಿಲಿಗೂ ಅರಿಶಿನ, ಕುಂಕುಮ, ರಂಗೋಲಿ. ಇದೊಂದು ಬೋಳಾಗಿತ್ತು.

"ದಿನಾ ತೊಳೆಯೋಕೆ ಹೋಗ್ತೀನಿ. ಕೈ ಅಲ್ಲೇ ನಿಂತ್ಬಿಡುತ್ತೆ. ಮರ ಅದು, ಮೈ ಮುಟ್ಟಿದಂಗೆ ಬಿಸಿ ಇರುತ್ತೆ. ಅಕ್ಕಪಕ್ಕದವರಿಗೆ ಹೇಳಿದ್ರೆ ಭ್ರಮೆ ಅಂತಾರೆ. ಅವನು ಎಲ್ಲಿಗೂ ಹೋಗಿಲ್ಲ ಅಣ್ಣಾ. ನಾನು ಹೊರಗೆ ಕಾಲಿಟ್ಟೂ ಎಷ್ಟೋ ಕಾಲವಾಯ್ತು."

ಬೊಮ್ಮಣ ಬಗ್ಗಿ ಮುಟ್ಟಿ ನೋಡಿದ. ಅವನ ಕೈಗೆ ಹೊಸಿಲು ತಣ್ಣಗಿತ್ತು. ಅವನಿಗೆ ಭಯವಾಯಿತು. ಹುಲಿಯೆದುರೂ ಅಷ್ಟು ಭಯವಾಗಿರಲಿಲ್ಲ. ತನ್ನ ಕೈಯನ್ನು ನಂಬಲೋ, ಅವಳ ಮಾತನ್ನು ನಂಬಲೋ? ಬೇಟೆಗಾರರನ್ನು ಒಂದೇ ಮಾತಿಗೆ ನಂಬಿದೆ, ಬೆಸ್ತರನ್ನು ನಂಬಿದೆ, ನೋವುಂಡವಳನ್ನು ನಂಬಲು ಮಾತ್ರ ನನಗೆ ಸಾಕ್ಷಿ ಬೇಕೇ ಅನ್ನಿಸಿ ನಾಚಿಕೆಯಾಯಿತು.

ಓಲೆ ಬಿಚ್ಚಿದ. ಹೊಸಿಲಿನ ಎದುರು ನೆಟ್ಟಗೆ ನಿಂತು ಓದಿದ: "ವಿಕಟಾಕ್ಷ, ದೇಮವ್ವ ಇರುವಲ್ಲಿ ನೀನು ಸುಳಿಯಕೂಡದು."

ಅಕ್ಷರಗಳು ಇರುವೆ ಸಾಲಿನಂತೆ ಕೆಳಗಿಳಿದವು. ಹೊಸಿಲು ನರಳಿತು, ಹೊರಳಿತು, ಎದ್ದು ನಿಂತಿತು. ವಿಕಟಾಕ್ಷನಾಗಿತ್ತು ಅದು. ಅವನ ಕೆಳಗೆ ಹಳೆಯ ಹೊಸಿಲು ಹಾಗೆಯೇ ಇತ್ತು.

"ನಾನೇನು ಮಾಡಿದೆ?" ಎಂದು ಮಾಂತ್ರಿಕ ಅತ್ತ. "ಬೈಯಲಿಲ್ಲ, ಹೊಡೆಯಲಿಲ್ಲ. ಕಾಲ ಬುಡದಲ್ಲಿ ಬಿದ್ದಿದ್ದೆ. ಪ್ರೀತಿ ಕಣೇ!"

"ನನ್ನ ಬಾಗಿಲಲ್ಲಿ ಬಿದ್ದಿದ್ದೆ" ಅಂದಳು ದೇಮವ್ವ. "ನಾನು ಬೇಡ ಅಂದಮೇಲೂ ಬಿದ್ದಿದ್ದೆ."

ಅಕ್ಷರ ಅಂಟಿದ ಪಾದಕ್ಕೆ ಮಾಯೆ ಹತ್ತಲಿಲ್ಲ. ಅವನು ಮಂತ್ರ ಹೇಳಿದ, ಕಾಗೆಯಾಗಲಿಲ್ಲ. ಮತ್ತೆ ಹೇಳಿದ, ಬೆಕ್ಕಾಗಲಿಲ್ಲ. ಅವನ ಕಾಲುಗಳೇ ಅವನನ್ನು ಎಳೆದುಕೊಂಡು ಬೀದಿ ದಾಟಿ, ಕೋಟೆ ದಾಟಿ, ಗಡಿಯಾಚೆ ಒಯ್ದವು. ಅಂದಿನಿಂದ ರಾಜ "ದೂರು ಕೊಟ್ಟವರನ್ನೇ ಮೊದಲು ಕೇಳಿ, ಅವರು ಹೇಳಿದ್ದನ್ನು ನಂಬಿ" ಎಂದು ಪದ್ಧತಿ ತಿದ್ದಿದ. ರಾಜ್ಯ ಸುಖವಾಗಿತ್ತು, ಬೊಮ್ಮಣನೂ ಸುಖವಾಗಿದ್ದ.

ದೇಮವ್ವ ಮಾತ್ರ ಆ ದಿನ ಹೊಸಿಲು ದಾಟಿ ಬಿಸಿಲಿಗೆ ಬಂದು ಸುಮಾರು ಹೊತ್ತು ನಿಂತಳು. ಆಮೇಲೆ ಕೈಬೀಸಿಕೊಂಡು ನಡೆಯತೊಡಗಿದಳು.

"ಎಲ್ಲಿಗೆ ಹೊರಟೆಯೇ ದೇಮವ್ವಾ?" ಎಂದಳು ಪಕ್ಕದ ಮನೆಯ ಮುದುಕಿ.

"ಎಲ್ಲಿಗೂ ಇಲ್ಲ ಅಜ್ಜಿ. ಸುಮ್ಮನೆ."